ಷಡ್ಡಕನ ಹೊಂಡದ ನೀರು

ನನ್ನ ಷಡ್ಡಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಾವೇ ಕಂಡುಹಿಡಿದೆವೆಂದು ಬೀಗುವುದು ಬೇಡ. ಅವನು ನನ್ನ ಹೆಂಡತಿಯ ತಂಗಿಯ ಗಂಡ, ಬಬಲೇಶ್ವರದವನು. ತಿಕೋಟಾ ದಾಟಿ ಕನಮಡಿ ಕಡೆಗೆ ಹೋಗುವ ದಾರಿಯಲ್ಲಿರುವ ಕರಿಕಲ್ಲಿನ ಖಣಿಯಲ್ಲಿ ಅವನಿಗೆ ಕೆಲಸ ಕೊಡಿಸಿದವನೇ ನಾನು. ನನ್ನ ಬುದ್ಧಿ ಎಷ್ಟರದು ಎಂದು ಇದರಲ್ಲೇ ತಿಳಿಯುತ್ತದೆ.

ಖಣಿ ಎಂದರೆ ಬಾಯ್ದೆರೆದ ದೊಡ್ಡ ಗುಂಡಿ. ಮಳೆ ಬಂದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ, ಬಂಡೆಯ ಬಿರುಕಿನಿಂದಲೂ ಜಿನುಗುತ್ತದೆ. ನೀರು ತೆಗೆಯದೆ ಕಲ್ಲು ಒಡೆಯುವಂತಿಲ್ಲ, ತೆಗೆದದ್ದನ್ನು ಹಾಗೇ ಹಳ್ಳಕ್ಕೆ ಬಿಡುವಂತೆಯೂ ಇಲ್ಲ. ಅದರ ತುಂಬ ಕಲ್ಲಿನ ಹಿಟ್ಟು. ಕೆಳಗಿನ ದ್ರಾಕ್ಷಿ ತೋಟದವರ ಹನಿ ನೀರಾವರಿ ಪೈಪು ಕಟ್ಟಿಕೊಂಡರೆ ಅವರು ಗೇಟಿನ ಮುಂದೆ ಬಂದು ನಮ್ಮ ಜನ್ಮ ಜಾಲಾಡುತ್ತಾರೆ. ಅದಕ್ಕೇ ಪಂಪು ಹಚ್ಚಿ ನೀರನ್ನು ಹೊಂಡಕ್ಕೆ ಎತ್ತಿ, ಪಟಿಕ ಕರಗಿಸಿ ಬೆರೆಸಿ, ಹಿಟ್ಟು ತಳಕ್ಕೆ ಕೂಡುವ ತನಕ ಕಾದು, ಮೇಲಿನ ತಿಳಿಯನ್ನಷ್ಟೇ ಹೊರಗೆ ಬಿಡುತ್ತೇವೆ. ಆಗ ಎರಡು ಗುಂಡಿ, ಎರಡು ಹೊಂಡ ಇದ್ದವು. ಸಣ್ಣದು ನನ್ನದು, ದೊಡ್ಡದು ಅವನದು.

ಹೊಂಡ ಬೇರೆಯಾದರೂ ಮಾವ ಒಬ್ಬರೇ. ಅವರು ಕಳ್ಳಕವಟಗಿಯವರು, ಕುರಿ ಮೇಯಿಸುತ್ತ ಖಣಿಯ ಹಳ್ಳದ ತನಕ ಬರುತ್ತಾರೆ. ನಾನು ಹಿರಿಯ ಅಳಿಯ. ಇಬ್ಬರೂ ಅವರ ಮನೆಗೆ ಹೋದರೆ ಕಾಲಿಗೆ ನೀರಿನ ತಂಬಿಗೆ ಮೊದಲು ನನ್ನ ಕೈಗೇ ಬರುತ್ತದೆ. ಆದರೆ ಮಾತೆಲ್ಲ ಅವನ ಜೊತೆ. ಕುರಿಯ ಕಾಲುಬೇನೆ, ಮಳೆ, ಬೆಳೆ, ಏನಿದ್ದರೂ ಅವನನ್ನೇ ಕೇಳುತ್ತಾರೆ. ನಾನು ತೊಳೆದ ಕಾಲನ್ನು ನೋಡಿಕೊಳ್ಳುತ್ತ ಕೂರುತ್ತೇನೆ.

ಹೋದ ಮಳೆಗಾಲದ ಕೊನೆಗೆ ನನ್ನ ಗುಂಡಿಯ ಕಲ್ಲು ಮುಗಿಯುತ್ತ ಬಂತು. ಮಾಲೀಕರು ಇಬ್ಬರನ್ನೂ ಕರೆದರು.

"ಇನ್ನ ಒಬ್ಬಾಂವ ಸಾಕು. ಯಾರ ನೀರ ಚೊಲೋ ಐತಿ ಅಂತ ಕೆಳಗಿನ ಮಂದಿ ಅಂತಾರ, ಅವಗ ಹೊಂಡ. ಇನ್ನೊಬ್ಬಾಂವ ಖಡಿ ಮಷೀನಿಗಿ ಹೋಗ್ಲಿ."

ಖಡಿ ಮಷೀನು ಎಂದರೆ ಕಲ್ಲು ಪುಡಿ ಮಾಡುವ ಯಂತ್ರ. ಅಲ್ಲಿ ನಿಂತವನು ದಿನವಿಡೀ ಧೂಳು ತಿನ್ನಬೇಕು. ಆದರೆ ನಿಜ ಹೇಳುತ್ತೇನೆ, ನನಗೆ ಧೂಳಿನ ಭಯ ಇರಲಿಲ್ಲ. ಅವನೇ ಹೊಂಡದಲ್ಲಿ ಉಳಿದ ಎಂಬ ಸುದ್ದಿ ಮಾವನ ಕಿವಿಗೆ ಬೀಳುತ್ತದಲ್ಲ, ಅದೇ ಭಯ.

ಷಡ್ಡಕನದು ಒಂದು ಚಾಳಿ. ಪ್ರತಿ ಸಲ ಬಾಟಲಿಯಲ್ಲಿ ನೀರು ಹಿಡಿದು, ಚೂರು ಪಟಿಕ ಹಾಕಿ, ತಿಳಿಯಾದ ಮೇಲೆ ನಾಲಿಗೆಗೆ ಹಚ್ಚಿ ನೋಡಿ, ಆಮೇಲೆಯೇ ಹೊಂಡಕ್ಕೆ ಹಾಕುವವನು. ನನ್ನದೆಲ್ಲ ಕಣ್ಣಳತೆ. ಈ ಸಲ ಅವನ ಹೊಂಡದಲ್ಲಿ ಕಾಣದ ತಳ ನನ್ನದರಲ್ಲಿ ಕಾಣಬೇಕು ಎಂದು ಪಟಿಕವನ್ನು ಸುರಿದದ್ದೇ ಸುರಿದದ್ದು.

ಮಾಲೀಕರ ಜೊತೆ ತೋಟದವರು ಬಂದ ದಿನ ನನ್ನ ಹೊಂಡದ ತಳದ ಬೆಣಚುಕಲ್ಲುಗಳೂ ಕಾಣುತ್ತಿದ್ದವು. ಅವನದರಲ್ಲಿ ಇನ್ನೂ ತೆಳ್ಳಗೆ ಮಸುಕಿತ್ತು. ಅವರು ನನ್ನ ಕಡೆಗೇ ತಲೆಯಾಡಿಸಿದರು. ನಾನು ಮೀಸೆ ತಿರುವುವುದೊಂದು ಬಾಕಿ. ಅಷ್ಟರಲ್ಲಿ ಮಾವ ಕುರಿ ಹೊಡೆದುಕೊಂಡು ಬಂದರು. ಮುಂದಿನ ಕುರಿ ನನ್ನ ನೀರಿಗೆ ಬಾಯಿ ಹಚ್ಚಿತು, ತುಟಿ ಮೇಲೆತ್ತಿತು, ಸೀನಿತು, ತಿರುಗಿ ಸೀದಾ ಅವನ ಹೊಂಡಕ್ಕೆ ನಡೆಯಿತು. ಉಳಿದವೂ ಅದರ ಹಿಂದೆಯೇ ಹೋದವು.

ಮಾವ ಬೊಗಸೆಯಲ್ಲಿ ನನ್ನ ನೀರು ಎತ್ತಿ ರುಚಿ ನೋಡಿ ಉಗುಳಿದರು.

"ಯಪ್ಪಾ, ಒಗರಂದ್ರ ಒಗರ! ಗಡ್ಡಾ ಮಾಡಿಸಿದ ಮ್ಯಾಲ ಗಲ್ಲಕ್ಕ ಹಚ್ಚೂ ನೀರ ಇದ್ದಂಗ ಐತಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮನುಷ್ಯರ ಮುಂದೆ ಸೋತಿದ್ದರೆ ಮಾತಿನಲ್ಲಾದರೂ ಗೆಲ್ಲಬಹುದಿತ್ತು. ಕುರಿಯ ಜೊತೆ ಏನು ವಾದ ಮಾಡುವುದು?

ಮಾಲೀಕರು ಮಷೀನಿನ ಕಡೆ ಕೈ ತೋರಿಸುವಷ್ಟರಲ್ಲಿ ಷಡ್ಡಕ ನಡುವೆ ಬಾಯಿ ಹಾಕಿದ. "ಸಾಹೇಬ್ರ, ದೊಡ್ಡ ಗುಂಡಿ ನನ್ನೊಬ್ಬನಿಂದ ಆಗೂದಿಲ್ರಿ. ಅಣ್ಣ ಇದ್ದರ ನಾ ಇರ್ತೇನ್ರಿ." ಮಾಲೀಕರು ಗೊಣಗಿ ಒಪ್ಪಿದರು. ಅವನು ಚೂರಾದರೂ ಕೆಟ್ಟವನಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಎಷ್ಟು ಅನುಕೂಲವಾಗುತ್ತಿತ್ತು!

ವಿಜಯಪುರದ ಅಥಣಿ ರಸ್ತೆಯ ನಮ್ಮ ಮನೆಗೆ ಬಂದರೆ, ಸುದ್ದಿ ನನಗಿಂತ ಮೊದಲೇ ತಲುಪಿತ್ತು. "ತಂಗಿ ಫೋನ್ ಮಾಡಿದ್ಳು. ಅಂಥಾ ಗಂಡ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕ ನೋಡ್ರಿ" ಎಂದಳು ಹೆಂಡತಿ. ನಾನು ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಈಗ ಅವನ ಬಾಟಲಿ ಹೇಳಿದಷ್ಟೇ ಪಟಿಕ ಹಾಕುತ್ತೇನೆ. ಮೊನ್ನೆ ಅವನಿಗೆ ಜ್ವರ, ಬೇವಿನ ಗಿಡದ ಕೆಳಗೆ ಮಲಗಿದ್ದ. ಅಳತೆ, ಬೆರಕೆ, ಕಾಯುವುದು ಎಲ್ಲ ನಾನೇ ಮಾಡಿದೆ. ಮಾವನ ಕುರಿಗಳು ಹೊಟ್ಟೆ ತುಂಬ ಕುಡಿದವು. "ನೀರ ಭಾರಿ ಮಾಡೀಯಪಾ" ಎಂದು ಮಾವ ಅವನಿಗೆ ಹೇಳಿದರು.

ಅವನು ಎದ್ದು ಕುಳಿತ. "ನಾ ಅಲ್ರಿ ಮಾವಾ. ಇವತ್ತ ಎಲ್ಲಾ ಅಣ್ಣಂದ ಕೈ ಐತ್ರಿ."

ಮಾವ ಅವನ ಬೆನ್ನು ತಟ್ಟಿ ನನ್ನ ಕಡೆ ತಿರುಗಿದರು. "ನೋಡ, ಎಂಥಾ ದೊಡ್ಡ ಮನಸ್ಸ ಇವಂದು!"