ಕಾಗದದ ಮೇಲೆ ಒತ್ತಿದ ಐಕಾನು

"ಎಷ್ಟ್ ಒತ್ತಿದ್ರೂ ಇದು ತೆರಿಯಂಗಿಲ್ಲಲ್ರಿ ಮೇಡಮ್," ಎನ್ನುತ್ತ ಗುಮಾಸ್ತರು ಕಾಗದದ ಮೇಲೆ ಬೆರಳೊತ್ತಿ ನಕ್ಕರು. ಅದು ಸಿರಿಗೇರಿ ಶಾಲೆಯಿಂದ ಬಳ್ಳಾರಿ ಶಾಲೆಗೆ ಕೇಳಿ ನಾನು ಮೇಲ್‌ನಲ್ಲಿ ಕಳಿಸಿದ್ದ ವರ್ಗಾವಣೆ ಅರ್ಜಿ. ನನ್ನ ಗಂಡನ ಡಯಾಲಿಸಿಸ್ ವರದಿಯನ್ನೂ, ಒತ್ತಿದರೆ ತೆರೆದುಕೊಳ್ಳುವ ಐಕಾನಾಗಿ, ಅದೇ ಫೈಲಿನೊಳಗೆ ಸೇರಿಸಿದ್ದೆ. ನಮ್ಮ ಖಾಸಗಿ ಶಿಕ್ಷಣ ಸಂಸ್ಥೆಯ ಬಳ್ಳಾರಿ ಕಚೇರಿಯಲ್ಲಿ ಯಾವ ಮೇಲ್ ಬಂದರೂ ಪ್ರಿಂಟ್ ತೆಗೆದೇ ಸಾಹೇಬರ ಟೇಬಲ್ಲಿನ ಮೇಲೆ ಇಡುತ್ತಾರೆ. ಹಾಗಾಗಿ ವರದಿಯ ಜಾಗದಲ್ಲಿ ಪುಟ್ಟ ಐಕಾನಿನ ಚಿತ್ರವಷ್ಟೇ ಅಚ್ಚಾಗಿತ್ತು. ಪಕ್ಕದಲ್ಲಿ ಸಾಹೇಬರು 'ದಾಖಲೆ ಇಲ್ಲ' ಎಂದು ಬರೆದಿದ್ದರು. ಬಳ್ಳಾರಿ ಶಾಲೆಯಲ್ಲಿ ಖಾಲಿಯಿದ್ದ ಹುದ್ದೆ ಕುರುಗೋಡಿನ ಟೀಚರೊಬ್ಬರ ಪಾಲಾಗಿತ್ತು.

ಅದೇ ಫೈಲನ್ನು ಕಂಪ್ಯೂಟರಿನಲ್ಲಿ ತೆಗೆಯಿರಿ ಎಂದೆ. ತೆಗೆದರು. ಹೊರಗಿನಿಂದ ಬಂದ ಫೈಲೆಂದು ಕಂಪ್ಯೂಟರು ತಡೆಹಿಡಿದು, ಮೇಲ್ಗಡೆ ಹಳದಿ ಪಟ್ಟಿ ತೋರಿಸುತ್ತಿತ್ತು. ನಾನೇ ಮೌಸ್ ಹಿಡಿದು ಆ ಪಟ್ಟಿಯಲ್ಲಿದ್ದ 'ಎನೇಬಲ್ ಎಡಿಟಿಂಗ್' ಒತ್ತಿದೆ, ಐಕಾನಿನ ಮೇಲೆ ಡಬಲ್ ಕ್ಲಿಕ್ ಮಾಡಿದೆ. ವರದಿ ಪರದೆ ತುಂಬ ತೆರೆದುಕೊಂಡಿತು.

ಗುಮಾಸ್ತರು ಅದನ್ನು ಓದಲಿಲ್ಲ. "ಇಷ್ಟ ಏನ್ರಿ? ಪ್ರಿಂಟ್ ತೆಗೆದು ಫೈಲಿಗೆ ಹಾಕಿಡ್ತೀನಿ ಬಿಡ್ರಿ, ಮುಂದಿನ ವರ್ಷ ಬೇಕಾಗ್ತೈತಿ," ಎಂದರು.

ಡಯಾಲಿಸಿಸ್ ಇರುವ ದಿನವೂ ನಾನು ಬಳ್ಳಾರಿಯಿಂದ ಬೆಳಗಿನ ಬಸ್ಸು ಹಿಡಿದು ಸಿರಿಗೇರಿಯ ಶಾಲೆಗೆ ಹೋಗುತ್ತೇನೆ. ನನ್ನ ಗಂಡ ಆಟೊದಲ್ಲಿ ಒಬ್ಬರೇ ಆಸ್ಪತ್ರೆಗೆ ಹೋಗುತ್ತಾರೆ. ಜೊತೆಗೆ ಯಾರೂ ಬಂದಿಲ್ಲವೇ ಎಂದು ಅಲ್ಲಿನ ನರ್ಸ್ ಪ್ರತಿ ಸಲವೂ ಕೇಳುತ್ತಾರಂತೆ.