ಕುದುರೆಲಾಯದಲ್ಲೊಂದು ನಾಮಕರಣ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಗೆಳೆಯನ ಮಗಳ ನಾಮಕರಣಕ್ಕೆ ಕಲ್ಲು ಹಾಕಲು ಹೊರಟವನು ನಾನೇ. ಅದೂ ಬರೀ ಬಾಯಿಂದ.

ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆಂದು ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ನ್ಯೂರೆಂಬರ್ಗಿಗೆ ಬಂದಿಳಿದ ಹೊಸತು. ಗೆಳೆಯ ಉಡುಪಿಯವನು, ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ. ಅವನ ಫ್ಲ್ಯಾಟಿನಲ್ಲಿ ಭಾನುವಾರ ಕುಕ್ಕರ್ ಸೀಟಿ ಹೊಡೆದರೂ ಕೆಳಮನೆಯವರು ಬಂದು ಬಾಗಿಲು ತಟ್ಟುತ್ತಿದ್ದರು. ಇನ್ನು ನಲವತ್ತು ಜನ ಸೇರಿ ತೊಟ್ಟಿಲು ತೂಗುವುದು ಎಲ್ಲಿಂದ ಬಂತು? ನಾಲ್ಕು ಕಡೆ ಇಲ್ಲ ಅನ್ನಿಸಿಕೊಂಡ ಮೇಲೆ ಊರಾಚೆ ಒಂದು ಹಳೆಯ ಗಾಸ್ಟ್‌ಹೋಫ್ ಸಿಕ್ಕಿತು. ಒಂದು ಕಾಲಕ್ಕೆ ಟಪಾಲು ಸಾರೋಟುಗಳು ನಿಂತು ಕುದುರೆ ಬದಲಿಸುತ್ತಿದ್ದ ಛತ್ರವದು. ಕುದುರೆಲಾಯವೇ ಈಗ ಹಾಲ್. ಅದರ ಒಡತಿ ಎಪ್ಪತ್ತು ದಾಟಿದ ಅಜ್ಜಿ. ಮನೆಯನ್ನು ಪೂರ್ತಿ ನೋಡಿ, ಅದಕ್ಕೆ ಮರ್ಯಾದೆ ಕೊಡುವವರಿಗೆ ಮಾತ್ರ ಹಾಲ್ ಎಂಬುದು ಅವರ ಷರತ್ತು.

ಅರೆಬರೆ ಜರ್ಮನ್ ಬರುತ್ತಿದ್ದ ನಾನೇ ದುಭಾಷಿ. ಅಜ್ಜಿ ಒಂದೊಂದು ಓಕ್ ಕಂಬವನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು, "ಇನ್ನೂ ಗಟ್ಟಿ!" ಎನ್ನುತ್ತ ಮುಂದಿನದಕ್ಕೆ ಹೋಗುತ್ತಿದ್ದರು. ತೊಲೆಗಳಿಗೆ ಒಂದು ಮೊಳೆಯೂ ಇಲ್ಲ, ಎಲ್ಲ ಮರದ ಗೂಟ. ಹೊರಗಿನ ಕಲ್ಲಿನ ಕಮಾನು ಸಾರೋಟಿನ ಮೇಲೆ ಕೂತವನ ಟೋಪಿಗೂ ತಾಗದಷ್ಟು ಎತ್ತರ; ಒಳಬಾಗಿಲು ಮಾತ್ರ ಗಿಡ್ಡ, ಗೆಳೆಯನ ಹಣೆಗೆ ಎರಡು ಸಲ ಬಡಿಯಿತು.

"ಗಾಡಿಯವನು ಈ ಕಮಾನಿನಡಿ ಬಾಯಿಬಿಟ್ಟರೆ ಸಾಕು, ಅಡುಗೆಮನೆಗೆ ಕೇಳುತ್ತಿತ್ತು. ಅಲ್ಲಿ ಸೂಪು ಒಲೆಗೇರುತ್ತಿತ್ತು," ಎಂದರು ಅಜ್ಜಿ. ಅದನ್ನು ಚೆಂದದ ಕನ್ನಡದಲ್ಲಿ ಗೆಳೆಯನಿಗೆ ಹೇಳಿದವನೂ ನಾನೇ.

ಬರುವ ಭಾನುವಾರಕ್ಕೆ ಹಾಲ್ ಬರೆದುಕೊಳ್ಳಲು, ಬುಕಿಂಗ್ ಡೈರಿ ತರಲೆಂದು ಅಜ್ಜಿ ಅಡುಗೆಮನೆಗೆ ಹೋದರು. ನಾವು ಕಮಾನಿನಡಿ ನಿಂತೆವು. ನನ್ನ ನಾಲಿಗೆ ತುರಿಸಿತು. ಅಜ್ಜಿಯದೇ ಗಂಟಲು, ಅಜ್ಜಿಯದೇ ಜರ್ಮನ್, ಗೆಳೆಯನ ಬೆನ್ನು ತಟ್ಟಿ, ಕಿವಿಯಿಟ್ಟು, "ಇನ್ನೂ ಗಟ್ಟಿ!" ಎಂದೆ. ಅವನ ತಲೆ ತಟ್ಟಿ, "ಇದು ಮಾತ್ರ ಟೊಳ್ಳು!"

"ಸಾಕು ಮಾರಾಯ, ಅವ್ರಿಗೆ ಕೇಳಿದ್ರೆ?"

"ಅಷ್ಟು ದೂರ ಹೆಂಗೆ ಕೇಳ್ಸುತ್ತೆ ಗುರು?" ಎಂದು ಇನ್ನೊಮ್ಮೆ, ಇನ್ನೂ ಜೋರಾಗಿ ಶುರುಮಾಡಿದೆ. ಗೆಳೆಯ ನಗಲಿಲ್ಲ. ತಿರುಗಿದರೆ ಅಜ್ಜಿ, ಕಂಕುಳಲ್ಲಿ ಡೈರಿ.

"ಮುಗೀತು. ಮಗುವಿಗೆ ಇನ್ನು ಪಾರ್ಕಿಂಗಲ್ಲೇ ಹೆಸರಿಡುದು," ಎಂದು ಗೆಳೆಯ ಗೊಣಗಿದ.

ಅಜ್ಜಿ ಡೈರಿ ತೆರೆದು, ಭಾನುವಾರದ ಪುಟದಲ್ಲಿ ಏನೋ ಬರೆದು, ನನ್ನ ಬಲಗೈಯನ್ನೇ ನೋಡುತ್ತ ಹೇಳಿದರು:

"ನಾನು ತಟ್ಟೋದು ಎಡಗೈಯಲ್ಲಿ. ಭಾನುವಾರದೊಳಗೆ ಕಲಿತುಕೋ, ನಿಮ್ಮ ನಲವತ್ತು ಜನಕ್ಕೂ ಮನೆ ತೋರಿಸೋದು ನೀನೇ. ನಾನು ಕೂತು ಊಟ ಮಾಡ್ತೀನಿ."