ಎರಡು ಬೆರಳಿನ ಪಣ

ಸೌದಿಯ ರಾಸ್ ತನೂರಾದ ಕಾರ್ಮಿಕರ ಕ್ಯಾಂಪಿನಲ್ಲಿ ನಮ್ಮ ಕೋಣೆಗೆ ಹಿರಿಯರೆಂದರೆ ಪುತ್ತೂರು ಕಡೆಯ ಒಬ್ಬ ವೆಲ್ಡರ್. ನಾವು ಅವರನ್ನು ಕಾಕ ಎನ್ನುತ್ತಿದ್ದೆವು. ಶುಕ್ರವಾರ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಪೋಕರ್ ಆಡುತ್ತಿದ್ದೆವು; ಪಣಕ್ಕೆ ಖರ್ಜೂರದ ಬೀಜ. ಕೈಗೆ ಬಂದ ಎಲೆ ಸಾಧಾರಣದ್ದಾದರೆ ಕಾಕ ನಾಲ್ಕಾರು ಬೀಜಗಳನ್ನಷ್ಟೇ ಎರಡು ಬೆರಳಿನಿಂದ ಮುಂದೆ ಸರಿಸುತ್ತಿದ್ದರು.

"ಇಷ್ಟೇನಾ ಕಾಕ?" ಎಂದು ನಾನು ನಗುತ್ತಿದ್ದೆ.

"ರಾಶಿ ಹಾಕಿದರೆ ನನಗಿಂತ ಒಳ್ಳೆ ಎಲೆಯವ ಮಾತ್ರ ಆಟದಲ್ಲಿ ಉಳೀತಾನೆ ಮಾರಾಯ. ಇಷ್ಟು ಹಾಕಿದರೆ ಸಣ್ಣ ಎಲೆಯವನೂ ಬರ್ತಾನೆ."

ಆದರೆ ಯಾರಾದರೂ ಹೆದರಿಸಲೆಂದೇ ಬೀಜದ ರಾಶಿಯನ್ನು ತಳ್ಳಿದರೆ ಅವರು ಎಲೆ ಬಿಸಾಡುತ್ತಿರಲಿಲ್ಲ. "ತೋರಿಸು, ನೋಡುವ," ಎನ್ನುತ್ತಿದ್ದರು.

ಮಗಳ ಮದುವೆಗೆಂದು ಉಳಿದವರು ಎರಡು ತಿಂಗಳು ರಜೆ ಕೇಳುವಲ್ಲಿ ಕಾಕ ಕೇಳಿದ್ದು ಹದಿನೈದು ದಿನ. ಮಂಗಳೂರಿನವನೇ ಆದ ಫೋರ್‌ಮನ್ ನಮ್ಮೆಲ್ಲರೆದುರು ಮೇಜು ಕುಟ್ಟಿದ: "ರಜೆ ಗಿಜೆ ಎಂತದೂ ಇಲ್ಲ! ಇನ್ನೊಮ್ಮೆ ಕೇಳಿದರೆ ಎಕ್ಸಿಟ್ ಹೊಡೆಸಿ, ಕೆಲಸ ಬಿಡಿಸಿ ಊರಿಗೇ ಕಳಿಸ್ತೇನೆ!"

ಸೈಟಿನಲ್ಲಿ ವೆಲ್ಡರ್‌ಗಳಿದ್ದದ್ದು ಕಾಕ ಸೇರಿ ಇಬ್ಬರೇ.

ಕಾಕ ಕಿಸೆಯಿಂದ, ಆ ದೇಶದಲ್ಲಿರಲು ಪರವಾನಗಿಯಾದ ಇಕಾಮಾ ಕಾರ್ಡು ತೆಗೆದು ಮೇಜಿನ ಮೇಲಿಟ್ಟು, ಅದೇ ಎರಡು ಬೆರಳಿನಿಂದ ಅವನ ಮುಂದೆ ಸರಿಸಿದರು.

"ಹೊಡೆಸಿ ಸಾರ್, ನೋಡುವ."

ಫೋರ್‌ಮನ್ ಕಾರ್ಡನ್ನು ನೋಡಿದ, ನಮ್ಮನ್ನು ನೋಡಿದ. ಕೈ ಮಾತ್ರ ಮುಂದೆ ಬರಲಿಲ್ಲ.

"ಹದಿನೈದೇ ದಿನ ಅಲ್ವಾ?" ಎಂದ.